ನೆಲ ನಿಜವಾಗ್ಲೂ ಡೊಂಕಾಗಿದ್ರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಅತಿ ಹೆಚ್ಚು ಬಳಸುವವರು ಭರತನಾಟ್ಯದ ಮೇಷ್ಟ್ರುಗಳಲ್ಲ, ಕತ್ತಿಗೆ ಕ್ಯಾಮೆರಾ ನೇತುಹಾಕಿಕೊಂಡು ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಸುತ್ತುವ ನಮ್ಮ ಹಿರಿಯ ಹವ್ಯಾಸಿಗಳು. "ಸಾರ್, ಈ ಲೆನ್ಸ್ ಸರಿಯಾಗಿ ಫೋಕಸ್ ಆಗ್ತಿಲ್ಲ" ಅಂತ ಒಂದು ಸಲ ಬಾಯಿಬಿಟ್ಟು ನೋಡಿ. ಲೆನ್ಸನ್ನು ಯಾರೂ ನೋಡೋದಿಲ್ಲ. ಎಲ್ಲರೂ ನಿಮ್ಮನ್ನೇ ನೋಡ್ತಾರೆ. ಕೈ ನಡುಗಿರಬೇಕು, ಪಾಯಿಂಟ್ ತಪ್ಪು ಆರಿಸಿರಬೇಕು, ಶಟರ್ ಸ್ಪೀಡ್ ಸಾಲದಾಗಿರಬೇಕು. ಕೊನೆಗೆ ಯಾರಾದರೊಬ್ಬರು ಬೆನ್ನು ತಟ್ಟಿ, "ಗುರೂ, ಫೋಟೋ ತೆಗೆಯೋದು ಲೆನ್ಸಲ್ಲ, ಕಣ್ಣು" ಅಂದುಬಿಟ್ಟರೆ ಸಭೆ ಮುಗೀತು.

ನನ್ನ ತಕರಾರು ಇಷ್ಟೇ. ಕೆಲವೊಮ್ಮೆ ನೆಲ ನಿಜವಾಗ್ಲೂ ಡೊಂಕಾಗಿರುತ್ತೆ. ಡೊಂಕು ಹೌದೋ ಅಲ್ಲವೋ ಅಂತ ಅಳೆದು ನೋಡಬಹುದು. ಅಳೆದ ಮೇಲೆ ಡೊಂಕು ಅಂತ ಗೊತ್ತಾದರೆ, ಆ ನೆಲಕ್ಕೆ ದುಡ್ಡು ಕೊಡಬಾರದು.

ವಿಷಯಕ್ಕೆ ಬರ್ತೀನಿ. ಈಗ ಎಲ್ಲರೂ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗ್ತಾ ಇದ್ದಾರೆ. ಹಾಗಾಗಿ ಡಿಎಸ್‌ಎಲ್‌ಆರ್ ಕಾಲದ ದೊಡ್ಡ ದೊಡ್ಡ ಲೆನ್ಸುಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟುಕುವ ಬೆಲೆಗೆ ಬಂದಿವೆ. ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿ, ಒಂದಷ್ಟು ಬೋನಸ್ ಕೈಯಲ್ಲಿದ್ದು, ಇನ್ನೂ ಹಳೇ ಡಿಎಸ್‌ಎಲ್‌ಆರ್ ಬಿಡದ ನನ್ನಂಥವರಿಗೆ ಇದು ಆಷಾಢ ಸೇಲ್ ಇದ್ದ ಹಾಗೆ. ನನಗೆ ಸಿಕ್ಕಿದ್ದು ಒಂದು 70-200, ಎಫ್/2.8. ಕ್ಯಾಮೆರಾ ಒಂದು ಕಂಪನಿಯದು, ಲೆನ್ಸ್ ಇನ್ನೊಂದು ಕಂಪನಿಯದು. ಹೆಸರು ಹೇಳಲ್ಲ. ಕೈಗೆ ಬಂದ ಒಂದೇ ಒಂದು ಲೆನ್ಸ್ ನೋಡಿ ಇಡೀ ಕಂಪನಿಯನ್ನು ತೂಗೋದು ನ್ಯಾಯ ಅಲ್ಲ. ಬೆಲೆ 38,000 ರೂಪಾಯಿ. ಮಾರುವವರು ಸ್ನೇಹಿತರ ಸ್ನೇಹಿತರು, ಪ್ರಾಮಾಣಿಕರು. "ಆಟೋಫೋಕಸ್ ಸ್ವಲ್ಪ ಆಟ ಆಡುತ್ತೆ, ಬಳಸಿ ನೋಡಿ, ಆಮೇಲೆ ಹೇಳಿ" ಅಂತ ದೀಪಾವಳಿ ರಜೆಗೆ ಕೊಟ್ಟು ಕಳಿಸಿದರು. ನಾನು ಅದನ್ನು ಹೊತ್ತುಕೊಂಡು ಜಡೆಗೆ ಹೋದೆ.

ಜಡೆ ಗೊತ್ತಿಲ್ಲದವರಿಗೆ: ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಆನವಟ್ಟಿ ಕಡೆ. ಅಲ್ಲಿ ನಮ್ಮ ಮಾವನ ಮನೆ. ದೀಪಾವಳಿ ಅಂದ್ರೆ ಸೊರಬ, ಶಿಕಾರಿಪುರ, ಪಕ್ಕದ ಹಾವೇರಿ ಸೀಮೆಗಳಲ್ಲಿ ಪಟಾಕಿಗಿಂತ ಮೊದಲು ನೆನಪಾಗೋದು ಹೋರಿ ಬೆದರಿಸುವ ಹಬ್ಬ. ಬಲಿಪಾಡ್ಯಮಿಯಿಂದ ಶುರುವಾದರೆ ಊರಿಂದ ಊರಿಗೆ ವಾರಗಟ್ಟಲೆ ನಡೆಯುತ್ತೆ. ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು, ಟೇಪು ಕಟ್ಟಿ, ಕೊರಳಿಗೆ ಕೊಬ್ಬರಿ ಹಾರ ಹಾಕಿ ಅಖಾಡಕ್ಕೆ ಬಿಡ್ತಾರೆ. ಎರಡೂ ಕಡೆ ಜನ. ಹುಡುಗರು ಓಡುವ ಹೋರಿಯ ಕೊರಳಿಂದ ಆ ಕೊಬ್ಬರಿ ಕೀಳಬೇಕು, ಹೋರಿ ಯಾರ ಕೈಗೂ ಸಿಗದೆ ದಾಟಬೇಕು. ಒಂದು ಹೋರಿಯ ಓಟ ಕೆಲವೇ ಸೆಕೆಂಡು. ಅದಕ್ಕೆ ವರ್ಷಪೂರ್ತಿ ಹಿಂಡಿ, ಹುರುಳಿ, ಈಜು, ನಡಿಗೆ ಅಂತ ತಯಾರಿ. ಹೋರಿಗಳಿಗೆ ಸಿನಿಮಾ ಹೀರೋಗಳ ಥರ ಬಿರುದು, ಅಭಿಮಾನಿ ಬಳಗ, ಊರ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್.

ಇಂಥ ಜಾಗಕ್ಕೇ ಎಫ್/2.8 ಜೂಮ್ ಅನ್ನೋ ವಸ್ತು ಹುಟ್ಟಿರೋದು. ನೀವು ಬೇಲಿಯ ಆಚೆ ಸುರಕ್ಷಿತವಾಗಿ ನಿಲ್ಲಬೇಕು, ಹಾಗಾಗಿ 200 ಎಂ.ಎಂ. ಬೇಕು. ಹೋರಿ ಓಡ್ತಾ ಇರುತ್ತೆ, ಹಾಗಾಗಿ ಶಟರ್ ಸ್ಪೀಡ್ 1/1000 ಆದರೂ ಬೇಕು. ಚಳಿಗಾಲದ ಸಂಜೆ ನಾಲ್ಕೂವರೆ ದಾಟಿದರೆ ಬೆಳಕು ಇಳಿಯುತ್ತೆ, ಹಾಗಾಗಿ ದೊಡ್ಡ ಕಿಂಡಿ ಬೇಕು. ಕ್ಯಾಮೆರಾ ಜೊತೆ ಬರುವ ಸಾಮಾನ್ಯ ಜೂಮ್ ಲೆನ್ಸು ಆ ತುದಿಯಲ್ಲಿ ಎಫ್/5.6ಕ್ಕೆ ನಿಲ್ಲುತ್ತೆ. ಎಫ್/2.8 ಅದರ ನಾಲ್ಕರಷ್ಟು ಬೆಳಕು ಒಳಗೆ ಬಿಡುತ್ತೆ. ಒಂದೂವರೆ ಕೆ.ಜಿ. ಹತ್ತಿರದ ಗಾಜು-ಲೋಹವನ್ನು ನಾವು ಹೊರೋದು, ದುಡ್ಡು ಸುರಿಯೋದು, ಎಲ್ಲ ಈ ನಾಲ್ಕರಷ್ಟು ಬೆಳಕಿಗೇ.

ಆದರೆ ದೊಡ್ಡ ಕಿಂಡಿಗೆ ಒಂದು ಬೆಲೆ ಇದೆ. ಫೋಕಸ್ ಇರುವ ಪಟ್ಟಿ ತೆಳುವಾಗುತ್ತೆ. ನನ್ನದು ಸಣ್ಣ ಸೆನ್ಸರಿನ ಡಿಎಸ್‌ಎಲ್‌ಆರ್. ಅದರಲ್ಲಿ 200 ಎಂ.ಎಂ., ಎಫ್/2.8, ಹತ್ತು ಮೀಟರ್ ದೂರ ಅಂತ ಲೆಕ್ಕ ಹಾಕಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 26 ಸೆಂಟಿಮೀಟರ್. ಒಂದು ಹೋರಿಯ ಮೂತಿಯಿಂದ ಕೋಡಿನ ಬುಡದವರೆಗೂ ಸಾಲೋದಿಲ್ಲ. ಇನ್ನು ಹೋರಿ ನಮ್ಮ ಕಡೆಗೇ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ ಎಂಟು ಮೀಟರಿಗೂ ಜಾಸ್ತಿ. ಆ 26 ಸೆಂಟಿಮೀಟರ್ ಪಟ್ಟಿಯನ್ನು ಅದು ದಾಟೋಕೆ ಸೆಕೆಂಡಿನ ಮೂವತ್ತೆರಡನೇ ಒಂದು ಭಾಗ ಸಾಕು. ಇದನ್ನು ಯಾವ ಮನುಷ್ಯನೂ ಕೈಯಿಂದ ರಿಂಗ್ ತಿರುಗಿಸಿ ಹಿಡಿಯೋಕೆ ಆಗಲ್ಲ. ಹೋರಿ ಮುಂದಿನ ಕ್ಷಣ ಎಲ್ಲಿರುತ್ತೆ ಅಂತ ಕ್ಯಾಮೆರಾ ಊಹಿಸಬೇಕು, ಲೆನ್ಸಿನ ಮೋಟಾರು ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗಿ ನಿಲ್ಲಬೇಕು. ಎಫ್/2.8ರ ಬೆಲೆಯಲ್ಲಿ ಈ ವಿಧೇಯತೆಯ ಬೆಲೆಯೂ ಸೇರಿದೆ.

ನನ್ನ ಕೈಯಲ್ಲಿದ್ದ ಲೆನ್ಸ್ ವಿಧೇಯವಾಗಿರಲಿಲ್ಲ. ಒಂದು ಫ್ರೇಮಿನಲ್ಲಿ ಹೋರಿಯ ಹಿಂದಿನ ಬೇಲಿ ಸ್ಪಷ್ಟ, ಇನ್ನೊಂದರಲ್ಲಿ ಮುಂದಿನ ಧೂಳು ಸ್ಪಷ್ಟ. ಸರಿ, ಓಡುವ ಹೋರಿ ಕಷ್ಟದ ಪರೀಕ್ಷೆ ಅಂತ ಬಿಟ್ಟುಬಿಡೋಣ. ಮರುದಿನ ಮಾವನ ಮನೆ ಜಗುಲಿ ಗೋಡೆಗೆ ದಿನಪತ್ರಿಕೆ ಅಂಟಿಸಿ, ಟ್ರೈಪಾಡ್ ಮೇಲೆ ಕ್ಯಾಮೆರಾ ಕೂರಿಸಿ, ಎಫ್/2.8ರಲ್ಲಿ ಇಪ್ಪತ್ತು ಸಲ ಕ್ಲಿಕ್ಕಿಸಿದೆ. ಪ್ರತಿ ಸಲ ಫೋಕಸ್ ಕದಲಿಸಿ, ಮತ್ತೆ ಹೊಸದಾಗಿ ಹಿಡಿಯೋಕೆ ಬಿಟ್ಟು. ಕೆಲವು ಸಲ ಅಕ್ಷರ ಕತ್ತರಿಸಿಟ್ಟ ಹಾಗೆ. ಕೆಲವು ಸಲ ಮಸುಕು. ಅದೇ ಗೋಡೆ, ಅದೇ ಬೆಳಕು, ಅದೇ ದೂರ. ಕನ್ನಡಿ ಎತ್ತಿ ಲೈವ್ ವ್ಯೂನಲ್ಲಿ ಫೋಕಸ್ ಮಾಡಿದರೆ ಮಾತ್ರ ಪ್ರತಿ ಸಲವೂ ಸರಿ. ಅಂದರೆ ಗಾಜಿನಲ್ಲಿ ದೋಷ ಇಲ್ಲ, ನನ್ನ ಕೈ ಅಂತೂ ಟ್ರೈಪಾಡ್ ಮೇಲಿರಲೇ ಇಲ್ಲ.

ಹೀಗಾಗೋದು ಯಾಕೆ ಅನ್ನೋದು ದೊಡ್ಡ ರಹಸ್ಯ ಏನಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರು ಬೇರೆ, ಚಿತ್ರ ಮೂಡುವ ಸೆನ್ಸರು ಬೇರೆ. ಲೆನ್ಸಿಂದ ಬಂದ ಬೆಳಕಿನ ಒಂದು ಪಾಲು ದೊಡ್ಡ ಕನ್ನಡಿಯ ಹಿಂದಿರುವ ಚಿಕ್ಕ ಕನ್ನಡಿಗೆ ಬಡಿದು ಕ್ಯಾಮೆರಾದ ತಳದಲ್ಲಿರುವ ಫೋಕಸ್ ಸೆನ್ಸರಿಗೆ ಹೋಗುತ್ತೆ. ಅಲ್ಲಿ ಅಳತೆ ಮಾಡಿ "ಇಷ್ಟು ತಿರುಗು" ಅಂತ ಲೆನ್ಸಿಗೆ ಆಜ್ಞೆ ಹೋಗುತ್ತೆ. ಈ ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಆದರೂ ಫೋಕಸ್ ಮುಂದೆ ಅಥವಾ ಹಿಂದೆ ಬೀಳುತ್ತೆ. ಇದರ ಜೊತೆಗೆ ಭಾಷೆಯ ಸಮಸ್ಯೆ. ಕ್ಯಾನನ್ 1987ರಲ್ಲಿ ಇಎಫ್ ಮೌಂಟ್ ತಂದಾಗಿನಿಂದ ಕ್ಯಾಮೆರಾ ಮತ್ತು ಲೆನ್ಸ್ ಮಾತಾಡೋದು ಪೂರ್ತಿ ಎಲೆಕ್ಟ್ರಾನಿಕ್ ಭಾಷೆಯಲ್ಲಿ. ಆ ಭಾಷೆಯ ವ್ಯಾಕರಣವನ್ನು ಡಿಎಸ್‌ಎಲ್‌ಆರ್ ಕಾಲದಲ್ಲಿ ದೊಡ್ಡ ಕಂಪನಿಗಳು ಹೊರಗಿನವರಿಗೆ ಬಿಚ್ಚಿಡಲಿಲ್ಲ. ಬೇರೆ ಕಂಪನಿಯವರು ಕದ್ದು ಕೇಳಿಸಿಕೊಂಡು ಕಲಿತ ಹಾಗೆ ಕಲಿತರು. ಕಲಿತದ್ದು ಬಹುತೇಕ ಸರಿ ಇರುತ್ತೆ. ತಪ್ಪಾದಾಗ ಪೆಟ್ಟು ಬೀಳೋದು ಮಾತ್ರ ನಮಗೆ. ಸೋನಿ 2011ರಲ್ಲಿ ತನ್ನ ಇ-ಮೌಂಟಿನ ಮೂಲ ವಿವರಗಳನ್ನು ಬೇರೆ ತಯಾರಕರಿಗೆ ಶುಲ್ಕವಿಲ್ಲದೆ ಕೊಡ್ತೀನಿ ಅಂತ ಘೋಷಿಸಿತು. ಅಂದರೆ ಬಾಗಿಲು ತೆರೆಯೋದು ಅಸಾಧ್ಯವೇನೂ ಆಗಿರಲಿಲ್ಲ.

ಈಗ ಲಾಲ್‌ಬಾಗಿನ ಗುರುಗಳ ಪರಿಹಾರಗಳನ್ನು ಒಂದೊಂದಾಗಿ ನೋಡೋಣ.

ಮೊದಲನೇದು, "ಎಫ್/5.6ಕ್ಕೋ ಎಫ್/8ಕ್ಕೋ ಇಟ್ಟುಕೋ, ತಪ್ಪು ಮುಚ್ಚಿಹೋಗುತ್ತೆ." ನಿಜ, ಮುಚ್ಚಿಹೋಗುತ್ತೆ. ಪಟ್ಟಿ ದಪ್ಪವಾಗುತ್ತೆ, ಸಣ್ಣ ತಪ್ಪು ಕಾಣಲ್ಲ. ಆದರೆ ಸ್ವಾಮಿ, ಎಫ್/5.6 ನನ್ನ ಹಳೇ ಲೆನ್ಸಲ್ಲೇ ಇದೆ. ಅದಕ್ಕೆ 38,000 ಕೊಟ್ಟು ಒಂದೂವರೆ ಕೆ.ಜಿ. ಯಾಕೆ ಹೊರಲಿ? ನಾಲ್ಕು ಚಕ್ರದ ಗಾಡಿ ಕೊಂಡು, ಎರಡು ಚಕ್ರ ಆಗಾಗ ಕಳಚುತ್ತೆ, ತಳ್ಳಿಕೊಂಡು ಹೋದರೆ ಏನೂ ತೊಂದರೆ ಇಲ್ಲ ಅಂದ ಹಾಗಾಯ್ತು.

ಎರಡನೇದು, "ಹತ್ತು ಹೊಡಿ, ಎರಡಾದರೂ ಸಿಗುತ್ತೆ." ಗೋಡೆ ಮುಂದೆ ಸಿಗುತ್ತೆ. ಅಖಾಡದಲ್ಲಿ ಹುಡುಗನ ಕೈ ಕೊಬ್ಬರಿಗೆ ತಗುಲುವ ಕ್ಷಣ ಒಂದೇ. ಆ ಎರಡು ಒಳ್ಳೇ ಫ್ರೇಮ್ ಆ ಕ್ಷಣದ ಮೇಲೇ ಬೀಳುತ್ತೆ ಅಂತ ಯಾರು ಬರೆದುಕೊಡ್ತಾರೆ? ಹತ್ತರಲ್ಲಿ ಎರಡು ಅನ್ನೋದು ಛಾಯಾಗ್ರಹಣ ಅಲ್ಲ, ಮಟ್ಕಾ.

ಮೂರನೇದು ಕೊಂಚ ತೂಕದ ಮಾತು. "ಮೈಕ್ರೋ ಅಡ್ಜಸ್ಟ್‌ಮೆಂಟ್ ಮಾಡಿಕೋ." ಕೆಲವು ಕ್ಯಾಮೆರಾಗಳ ಮೆನುವಿನಲ್ಲೇ ಈ ಸೌಲಭ್ಯ ಇದೆ. ಸಿಗ್ಮಾದವರು 2013ರಿಂದ ಇದಕ್ಕೇ ಅಂತ ಯುಎಸ್‌ಬಿ ಡಾಕ್ ಮಾರಿದರು. ಟ್ಯಾಮ್ರಾನ್‌ನವರು 2016ರಲ್ಲಿ ಟ್ಯಾಪ್-ಇನ್ ಕನ್ಸೋಲ್ ತಂದರು. ಸಿಗ್ಮಾ ಡಾಕ್‌ನಲ್ಲಿ ಜೂಮ್ ಲೆನ್ಸಿಗೆ ನಾಲ್ಕು ಫೋಕಲ್ ಲೆಂತ್, ಒಂದೊಂದಕ್ಕೂ ನಾಲ್ಕು ದೂರ, ಒಟ್ಟು 16 ಕಡೆ ತಿದ್ದಬಹುದು. ಕೊಟ್ಟಿದ್ದು ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಯೋಚನೆ ಮಾಡಿ. ಕಾರ್ಖಾನೆಯ ಕೊನೇ ಮೇಜಿನ ಕೆಲಸವನ್ನು ಡಬ್ಬಿಯಲ್ಲಿ ಹಾಕಿ, ಬೇರೆ ಬೆಲೆ ಹಚ್ಚಿ, ನಮಗೇ ಮಾರಿದ್ದಾರೆ. ನಾವು ಅದನ್ನು ವೈಶಿಷ್ಟ್ಯ ಅಂತ ಹೊಗಳ್ತಾ ಇದ್ದೀವಿ.

ಅದೂ ಇರಲಿ. ಈ ತಿದ್ದುಪಡಿ ಯಾವ ರೋಗಕ್ಕೆ ಮದ್ದು ಅನ್ನೋದು ಮುಖ್ಯ. ಸಂತೆಯಲ್ಲಿ ಒಂದು ತಕ್ಕಡಿ ಪ್ರತಿ ಸಲವೂ ಐವತ್ತು ಗ್ರಾಂ ಜಾಸ್ತಿ ತೋರಿಸುತ್ತೆ ಅಂದುಕೊಳ್ಳಿ. ಚಿಂತೆ ಇಲ್ಲ, ಐವತ್ತು ಕಳೆದುಕೊಂಡು ವ್ಯಾಪಾರ ಮಾಡಬಹುದು. ಆದರೆ ಇನ್ನೊಂದು ತಕ್ಕಡಿ ಈಗ ಐವತ್ತು ಜಾಸ್ತಿ, ಮುಂದಿನ ಸಲ ಮೂವತ್ತು ಕಡಿಮೆ, ಆಮೇಲೆ ಸರಿಯಾಗಿ ತೋರಿಸುತ್ತೆ. ಅದರಿಂದ ಏನನ್ನು ಕಳೀತೀರಿ, ಏನನ್ನು ಕೂಡ್ತೀರಿ? ಅದು ತಕ್ಕಡಿಯೇ ಅಲ್ಲ. ಮೈಕ್ರೋ ಅಡ್ಜಸ್ಟ್‌ಮೆಂಟ್ ಮೊದಲನೇ ತಕ್ಕಡಿಗೆ ಮದ್ದು. ಒಂದೇ ದಿಕ್ಕಿನಲ್ಲಿ, ಒಂದೇ ಅಳತೆಯಲ್ಲಿ ತಪ್ಪುವ ಲೆನ್ಸನ್ನು ಅದು ಸರಿಮಾಡುತ್ತೆ. ನಮ್ಮ ಜಗುಲಿ ಗೋಡೆಯ ಮುಂದೆ ಇದ್ದದ್ದು ಎರಡನೇ ತಕ್ಕಡಿ. ಇದಕ್ಕೆ ಡಾಕ್ ಹಾಕಿದರೂ ಅಷ್ಟೇ, ದೃಷ್ಟಿ ತೆಗೆದರೂ ಅಷ್ಟೇ. ವಾದ ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಈ ಎರಡು ತಕ್ಕಡಿಗಳ ವ್ಯತ್ಯಾಸ ಕೇಳೋದೇ ಇಲ್ಲ, ಸೀದಾ ಪರಿಹಾರ ಹೇಳಿಬಿಡ್ತಾರೆ.

ನಾಲ್ಕನೇದು, "ಎಲ್ಲ ಸಂದರ್ಭಕ್ಕೂ ಆಟೋಫೋಕಸ್ ಬೇಕಾ?" ಒಳ್ಳೇ ಪ್ರಶ್ನೆ. ಜಡೆಯಿಂದ ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ, ಶಿಕಾರಿಪುರ ತಾಲ್ಲೂಕು. ಅಲ್ಲಿನ ಕೇದಾರೇಶ್ವರ ದೇವಸ್ಥಾನದ ಒಳಗೆ ಬೆಳಕು ಕಡಿಮೆ. ಅಲ್ಲಿನ ಕಂಬಗಳು ಶತಮಾನಗಳಿಂದ ನಿಂತಲ್ಲೇ ನಿಂತಿವೆ. ಲೈವ್ ವ್ಯೂ ಹಾಕಿ, ಹಿಗ್ಗಿಸಿ ನೋಡಿ, ನಿಧಾನಕ್ಕೆ ರಿಂಗ್ ತಿರುಗಿಸಬಹುದು. ಆದರೆ ಕಂಬ ಓಡೋದಿಲ್ಲವಾದ್ದರಿಂದ ಅಲ್ಲಿ ಎಫ್/2.8 ಕೂಡ ಬೇಕಾಗಿಲ್ಲ! ಕ್ಯಾಮೆರಾವನ್ನು ಗಟ್ಟಿಯಾಗಿ ಕೂರಿಸೋಕೆ ಅನುಮತಿ ಸಿಕ್ಕರೆ ಎಫ್/8ರಲ್ಲಿ ಎರಡು ಸೆಕೆಂಡು ತೆರೆದಿಟ್ಟರೆ ಮುಗೀತು. ಗುಡವಿಯ ಕೆರೆಯಲ್ಲಿ ರೆಕ್ಕೆ ಬಿಚ್ಚುವ ಕೆಂಬರಲು, ಗ್ಯಾಸ್‌ಲೈಟಿನ ಕಾಲ ಹೋಗಿ ಎಲ್‌ಇಡಿ ಬಂದರೂ ಅರೆಗತ್ತಲಲ್ಲೇ ಕುಣಿಯುವ ಯಕ್ಷಗಾನದ ವೇಷ, ಅಖಾಡದ ಹೋರಿ: ಇಲ್ಲೆಲ್ಲ ಎಫ್/2.8 ಬೇಕು, ಇಲ್ಲೆಲ್ಲ ಆಟೋಫೋಕಸ್ಸೂ ಬೇಕು. ಯಾವ ಜಾಗಕ್ಕೆ ಈ ಲೆನ್ಸ್ ಬೇಕೋ ಅದೇ ಜಾಗದಲ್ಲಿ ಇದು ಕೈಕೊಡುತ್ತೆ. ಎಲ್ಲಿ ಕೈಕೊಡಲ್ಲವೋ ಅಲ್ಲಿ ಇದು ಬೇಕಾಗೇ ಇಲ್ಲ. ಕೊಳ್ಳಬೇಕೋ ಬೇಡವೋ ಅನ್ನೋ ಇಡೀ ಪ್ರಶ್ನೆ ನನಗೆ ಈ ಎರಡು ಸಾಲಿನಲ್ಲಿ ಮುಗಿದುಹೋಯ್ತು.

ಒಂದು ಇತಿಹಾಸವನ್ನೂ ನೆನಪಿಸ್ತೀನಿ. 2007ರಲ್ಲಿ ಕ್ಯಾನನ್ ತನ್ನ ಇಒಎಸ್-1ಡಿ ಮಾರ್ಕ್ 3 ಬಿಡುಗಡೆ ಮಾಡಿತು. ಸೆಕೆಂಡಿಗೆ 10 ಫ್ರೇಮ್, ಕ್ರೀಡಾ ಛಾಯಾಗ್ರಾಹಕರಿಗೇ ಅಂತ ಮಾಡಿದ ಕ್ಯಾಮೆರಾ. ಓಡುವ ಆಟಗಾರರ ಮೇಲೆ ಫೋಕಸ್ ನಿಲ್ತಿಲ್ಲ ಅಂತ ದೂರು ಬಂತು. ದೂರು ಕೊಟ್ಟವರು ದಿನಾ ಅದೇ ಕೆಲಸ ಮಾಡಿ ಹೊಟ್ಟೆ ಹೊರೆಯುವ ಜನ. ಅವರು "ನಮ್ಮ ಕೈಯೇ ಸರಿಯಿಲ್ಲ" ಅಂತ ಸುಮ್ಮನಾಗಲಿಲ್ಲ. ಸಾವಿರಾರು ಫ್ರೇಮ್ ತೆಗೆದು, ತಪ್ಪಿದ್ದನ್ನೆಲ್ಲ ಜೋಡಿಸಿ, ತೋರಿಸಿದರು. ಅದೇ ವರ್ಷದ ಕೊನೆಯ ಹೊತ್ತಿಗೆ ಕಂಪನಿ ಕ್ಯಾಮೆರಾದ ಒಳಗಿನ ಆ ಚಿಕ್ಕ ಕನ್ನಡಿಯ ದೋಷವನ್ನು ಒಪ್ಪಿ, ರಿಪೇರಿ ಮಾಡಿಕೊಡ್ತೀವಿ ಅಂತ ಪ್ರಕಟಿಸಿತು. ಜಗತ್ತಿನ ಪಳಗಿದ ಕೈಗಳಿಗೂ ನೆಲ ಡೊಂಕಾಗಿತ್ತು. ಅವರು ಹೇಳಿದ್ದರಿಂದ ನೆಲ ಸರಿಯಾಯ್ತು. ಹೇಳಿದವರನ್ನೆಲ್ಲ "ಕಣ್ಣು ಬೆಳೆಸಿಕೋ" ಅಂತ ಕೂರಿಸಿಬಿಟ್ಟಿದ್ದರೆ ಏನೂ ಆಗ್ತಿರಲಿಲ್ಲ.

ಕೈಚಳಕ ಬೇಡ ಅಂತ ನಾನು ಹೇಳ್ತಿಲ್ಲ. ಪಾಯಿಂಟ್ ಆರಿಸೋದು, ಹೋರಿ ಜೊತೆ ಕ್ಯಾಮೆರಾ ತಿರುಗಿಸೋದು, ಎಲ್ಲಿ ನಿಂತರೆ ಕ್ಷಣ ಸಿಗುತ್ತೆ ಅನ್ನೋದು, ಇವೆಲ್ಲ ಕಲಿಯಲೇಬೇಕು. ಆದರೆ ಕಲಿಯೋಕೆ ಕೂಡ ನೆಟ್ಟಗಿನ ಉಪಕರಣ ಬೇಕು. ತಪ್ಪಾದಾಗ ಅದು ನನ್ನ ತಪ್ಪೋ ಲೆನ್ಸಿನ ತಪ್ಪೋ ಅಂತ ಗೊತ್ತಾಗದಿದ್ದರೆ ಏನನ್ನು ತಿದ್ದಿಕೊಳ್ಳೋದು? ಹೊಸಬರು ಆರು ತಿಂಗಳು ತಮ್ಮನ್ನೇ ಬೈದುಕೊಂಡು, ಆಮೇಲೆ ಕ್ಯಾಮೆರಾವನ್ನು ಕಪಾಟಿನ ಮೇಲಿಡೋದನ್ನು ನಾನು ನೋಡಿದ್ದೀನಿ. ಅವರನ್ನು ಓಡಿಸಿದ್ದು ಸೋಮಾರಿತನ ಅಲ್ಲ, ಈ ಗಾದೆ.

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಳ್ತೀಯ, ಹವ್ಯಾಸ ತಾನೇ ಅಂತ ನೀವು ಕೇಳಬಹುದು. ನನಗೆ ಹವ್ಯಾಸ. ಮುಂದೆ ನಿಂತವರಿಗೆ? ಮಾವ ಒಂದು ಹೋರಿ ಸಾಕಿದ್ದಾರೆ. ಮನೆ ಖರ್ಚಿನ ಲೆಕ್ಕದಲ್ಲಿ ಅದರ ಹಿಂಡಿಯ ಲೆಕ್ಕ ಮೊದಲು ಬರುತ್ತೆ. ಮೂರು ವರ್ಷದ ಹಿಂದೆ ನನ್ನ ಎಫ್/5.6 ಲೆನ್ಸಿನಲ್ಲಿ ಅದರ ಓಟದ ಒಂದು ಫೋಟೋ ಸಿಕ್ಕಿತ್ತು. ಐಎಸ್‌ಒ 6400, ಮೈಯೆಲ್ಲ ರವೆ ಚೆಲ್ಲಿದ ಹಾಗೆ ಕಾಳುಕಾಳು. ಆದರೆ ಕಣ್ಣು ಸ್ಪಷ್ಟ, ಕೊಬ್ಬರಿ ಸ್ಪಷ್ಟ. ಅದನ್ನು ಫ್ಲೆಕ್ಸ್ ಮಾಡಿಸಿದರು, ಆಮೇಲೆ ಕಟ್ಟು ಹಾಕಿಸಿ ನಡುಮನೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ತೂಗುಹಾಕಿದರು. ಇವತ್ತಿನವರೆಗೆ ಅದನ್ನು ನೋಡಿದ ಒಬ್ಬರೂ "ನಾಯ್ಸ್ ಜಾಸ್ತಿ ಆಯ್ತು" ಅಂದಿಲ್ಲ. ಕಣ್ಣು ಮಸುಕಾಗಿದ್ದಿದ್ದರೆ? ಫೋನಿನ ಪರದೆಯಲ್ಲಿ ಪರವಾಗಿಲ್ಲ ಅನಿಸುವ ಮಸುಕು ಆರಡಿ ಫ್ಲೆಕ್ಸಿನ ಮೇಲೆ ಊರಿಗೆಲ್ಲ ಕಾಣುತ್ತೆ. ಆಗ ನಾನು ಮಾವನಿಗೆ ಸ್ಯಾಂಪಲ್ ವೇರಿಯೇಷನ್ ಬಗ್ಗೆ ವಿವರಿಸಬೇಕಿತ್ತಾ?

ಇನ್ನು ಆನವಟ್ಟಿ, ಶಿರಾಳಕೊಪ್ಪದಂಥ ಊರುಗಳಲ್ಲಿ ಮದುವೆ, ಹಬ್ಬ ಅಂತ ಫೋಟೋ ತೆಗೆದು ಬದುಕುವ ಹುಡುಗರಿದ್ದಾರೆ. ಸೆಕೆಂಡ್ ಹ್ಯಾಂಡ್ ಎಫ್/2.8 ಅವರನ್ನೂ ನಮ್ಮಷ್ಟೇ ಸೆಳೆಯುತ್ತೆ, ನಮಗಿಂತ ಜಾಸ್ತಿ ಸೆಳೆಯುತ್ತೆ. ಧಾರೆ ಎರೆಯುವ ಕೈ ಮಸುಕಾದರೆ ಆ ಹುಡುಗನಿಗೆ ಬಾಕಿ ದುಡ್ಡು ಬರಲ್ಲ, ಮುಂದಿನ ಮದುವೆಯೂ ಬರಲ್ಲ. ನಾವು ಬೆಂಗಳೂರಲ್ಲಿ ಕೂತು "ಈ ಬೆಲೆಗೆ ಇಷ್ಟು ಸಾಕು ಬಿಡಿ" ಅಂತ ತೀರ್ಪು ಕೊಡುವಾಗ ಅವನನ್ನು ನೆನಪಿಸಿಕೊಂಡರೆ ಒಳ್ಳೇದು.

"ಎಲ್ಲ ಪೀಸೂ ಹಾಗಿರಲ್ಲ, ಒಳ್ಳೇ ಪೀಸ್ ಸಿಗಬಹುದು" ಅನ್ನೋದು ಕೊನೇ ವಾದ. ಸಿಗಬಹುದು. ಆದರೆ ಒಳ್ಳೇ ಪೀಸ್ ಸಿಕ್ಕವರು ಅದನ್ನು ಬೇಗ ಮಾರಲ್ಲ. ಸೆಕೆಂಡ್ ಹ್ಯಾಂಡ್ ಸಂತೆಗೆ ಮೊದಲು ಬರೋದು ಲಾಟರಿಯಲ್ಲಿ ಬಹುಮಾನ ಬರದ ಟಿಕೆಟ್ಟುಗಳು.

ಹಾಗಾದರೆ ಇದನ್ನು ಯಾರು ಕೊಳ್ಳಬಹುದು? ವಿಡಿಯೋ ಮಾಡುತ್ತಾ ಕೈಯಿಂದಲೇ ಫೋಕಸ್ ಎಳೆಯುವವರು ಧಾರಾಳವಾಗಿ ಕೊಳ್ಳಲಿ, ಗಾಜು ಚೆನ್ನಾಗಿದೆ. ಮಿರರ್‌ಲೆಸ್ ಇದ್ದು, ಅಡಾಪ್ಟರ್ ಹಾಕಿ ಬಳಸುವವರು ತಮ್ಮ ಕ್ಯಾಮೆರಾದ ಮೇಲೇ ಹಾಕಿ ಪರೀಕ್ಷೆ ಮಾಡಿ ಕೊಳ್ಳಲಿ. ಅಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸ್ ಅಳೆಯುವುದರಿಂದ ಎರಡು ದಾರಿಯ ಜಗಳ ಇಲ್ಲ. ಮೋಟಾರಿನ ಸೋಮಾರಿತನ ಮಾತ್ರ ಅಲ್ಲೂ ಉಳಿದಿರಬಹುದು.

ನನ್ನಂಥವರಿಗೆ ನನ್ನ ಉತ್ತರ: ಬೇಡ. ಅದರ ಬದಲು ಕ್ಯಾಮೆರಾ ಕಂಪನಿಯದೇ ಹಳೇ 70-200 ಎಫ್/4 ಹುಡುಕಿ. ಕ್ಯಾನನ್‌ನ ಸ್ಟೆಬಿಲೈಸರ್ ಇಲ್ಲದ ಎಫ್/4 ಬರೀ 705 ಗ್ರಾಂ. ಎಫ್/2.8ಕ್ಕೆ ಹೋಲಿಸಿದರೆ ಬೆಳಕು ಅರ್ಧ, ಒಪ್ಪಿದೆ. ಐಎಸ್‌ಒ 1600 ಸಾಕಾಗುವ ಕಡೆ 3200 ಇಡಬೇಕಾಗುತ್ತೆ, ಅಷ್ಟೇ. ಕಾಳುಕಾಳನ್ನು ಇವತ್ತಿನ ಸಾಫ್ಟ್‌ವೇರ್ ಒರೆಸುತ್ತೆ, ಒರೆಸದಿದ್ದರೂ ಜನ ಕ್ಷಮಿಸ್ತಾರೆ. ಓಡುವ ಹೋರಿಯ ಕಣ್ಣು ಫೋಕಸ್ ತಪ್ಪಿದರೆ ನಂಬುವಂಥದ್ದನ್ನು ವಾಪಸ್ ತರುವ ಸಾಫ್ಟ್‌ವೇರ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆದರೂ ಎಫ್/2.8 ಬೇಕೇ ಬೇಕು ಅಂದರೆ, ಮಾರುವವರ ಮುಂದೆಯೇ ಗೋಡೆಗೊಂದು ಪತ್ರಿಕೆ ಅಂಟಿಸಿ, ಪೂರ್ತಿ ಕಿಂಡಿ ತೆರೆದು ಇಪ್ಪತ್ತು ಸಲ ಹೊಡೆಯಿರಿ. ಆಮೇಲೆ ನಡೆದು ಬರುವ ಒಬ್ಬ ಮನುಷ್ಯನ ಮುಖದ ಮೇಲೆ ಇನ್ನಿಪ್ಪತ್ತು. ಒಂದೇ ಕಡೆಗೆ ತಪ್ಪಿದರೆ ಬೆಲೆ ಇಳಿಸಿ ಕೊಳ್ಳಿ, ತಿದ್ದಬಹುದು. ಅತ್ತ ಇತ್ತ ತಪ್ಪಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಪಕ್ಕದಲ್ಲಿದ್ದವರು ಯಾರಾದರೂ ಕುಣಿಯಲಾರದವಳ ಗಾದೆ ಶುರು ಮಾಡಿದರೆ, ಲೆನ್ಸನ್ನು ಅವರ ಕೈಗೇ ಕೊಟ್ಟು, ಎಫ್/2.8ಕ್ಕೆ ತೆರೆದು, ಕುಣಿದು ತೋರಿಸಿ ಅನ್ನಿ.